ಕಾರ್ಡಿಫ್‌ನಲ್ಲಿ ರಗ್ಬಿ: ಕೊನೆಯ ಸೀಟಿಯಿಂದ ಹಿಂದಕ್ಕೆ ಎಣಿಸಿ

ವಿದೇಶಕ್ಕೆ ಹೋಗಿ ರಗ್ಬಿ ನೋಡಬೇಕು ಅಂದುಕೊಂಡವರು ಮೊದಲು ವಿಮಾನದ ಟಿಕೆಟ್ ಹುಡುಕುತ್ತಾರೆ, ಆಮೇಲೆ ಪಂದ್ಯದ ಟಿಕೆಟ್, ಕಟ್ಟಕಡೆಗೆ ಹೋಟೆಲ್. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಹೋಗುವುದಾದರೆ ಈ ಕ್ರಮ ತಿರುಗಿಸಲೇಬೇಕು. ಅಲ್ಲಿನ ಪ್ರಿನ್ಸಿಪಾಲಿಟಿ ಕ್ರೀಡಾಂಗಣ ಊರಾಚೆ ಇಲ್ಲ, ಊರಿನ ನಟ್ಟನಡುವೆ ಟಾಫ್ ನದಿಯ ದಂಡೆಗೆ ಒತ್ತಿಕೊಂಡು ನಿಂತಿದೆ. ಸುಮಾರು 74,000 ಜನ ಕೂರುತ್ತಾರೆ. ಕಾರ್ಡಿಫ್ ಸೆಂಟ್ರಲ್ ರೈಲು ನಿಲ್ದಾಣ ಕೆಲವೇ ನಿಮಿಷದ ನಡಿಗೆ. ಬರುವಾಗ ಇದರಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಹೋಗುವಾಗ ಮಾತ್ರ ಅಷ್ಟೂ ಜನ ಒಟ್ಟಿಗೆ ಎದ್ದು ಅದೇ ಒಂದು ನಿಲ್ದಾಣದತ್ತ ಮುಖ ಮಾಡುತ್ತಾರೆ. ಹಾಗಾಗಿ ಪಂದ್ಯದ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬಹುದು.

ಮೊದಲು ಯಾವ ಪಂದ್ಯ ಎಂಬುದು. ಯುರೋಪಿನ ಆರು ದೇಶಗಳ ವಾರ್ಷಿಕ ಟೂರ್ನಿ ಸಿಕ್ಸ್ ನೇಷನ್ಸ್ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. ಆರು ತಂಡ, ಐದು ಸುತ್ತು, ಒಟ್ಟು 15 ಪಂದ್ಯ. ವೇಲ್ಸ್ ತಂಡದ ತವರಿನ ಪಂದ್ಯಗಳು ವರ್ಷ ಬಿಟ್ಟು ವರ್ಷ ಅದಲುಬದಲಾಗುತ್ತವೆ: ಬೆಸ ಸಂಖ್ಯೆಯ ವರ್ಷಗಳಲ್ಲಿ ಇಂಗ್ಲೆಂಡ್, ಐರ್ಲೆಂಡ್ ತಂಡಗಳು ಕಾರ್ಡಿಫ್‌ಗೆ ಬರುತ್ತವೆ, ಸಮ ಸಂಖ್ಯೆಯ ವರ್ಷಗಳಲ್ಲಿ ಸ್ಕಾಟ್ಲೆಂಡ್, ಫ್ರಾನ್ಸ್, ಇಟಲಿ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸಮ ವರ್ಷವನ್ನೇ. ಮೂರು ಪಂದ್ಯಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಇಟಲಿ ಎದುರಿನ ಪಂದ್ಯಕ್ಕೆ ಟಿಕೆಟ್ ಸಿಗುವುದೂ ಸುಲಭ. ಇಂಗ್ಲೆಂಡ್ ಬರುವ ವಾರಾಂತ್ಯದ ಕಥೆಯೇ ಬೇರೆ. ಟಿಕೆಟ್, ಕೋಣೆ, ರೈಲು ಮೂರೂ ಒಟ್ಟಿಗೆ ಬಿಗಿಯಾಗುತ್ತವೆ.

ಈಗ ಗಡಿಯಾರದ ಲೆಕ್ಕ. ರಗ್ಬಿ ಪಂದ್ಯ 80 ನಿಮಿಷ, ನಡುವೆ 15 ನಿಮಿಷ ವಿರಾಮ. ಗಾಯ, ವಿಡಿಯೊ ಪರಿಶೀಲನೆ, ಪದೇ ಪದೇ ಕುಸಿಯುವ ಸ್ಕ್ರಮ್ (ಎರಡೂ ತಂಡಗಳ ಎಂಟೆಂಟು ಜನ ಹೆಗಲು ಕೊಟ್ಟು ತಳ್ಳಾಡುವುದು) ಇವೆಲ್ಲ ಸೇರಿದರೆ ಒಂದು ಮುಕ್ಕಾಲರಿಂದ ಎರಡು ಗಂಟೆ ಹಿಡಿಯುತ್ತದೆ. 80 ನಿಮಿಷ ಮುಗಿಯಿತೆಂದು ಆಟ ಅಲ್ಲಿಗೇ ನಿಲ್ಲುವುದಿಲ್ಲ, ಚೆಂಡು ಸತ್ತ ಮೇಲಷ್ಟೇ, ಅಂದರೆ ಆಟದಿಂದ ಹೊರಬಿದ್ದ ಮೇಲಷ್ಟೇ, ಸೀಟಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ದಾಟಿ ಶುರುವಾಗುವ ಪಂದ್ಯ ನಾಲ್ಕೂಕಾಲಿಗೆ ಮುಗಿದರೆ ಲಂಡನ್‌ಗೆ ವಾಪಸಾಗುವುದು ಆಗುವ ಮಾತು. ನಾಲ್ಕೂಮುಕ್ಕಾಲರ ಆಸುಪಾಸಿನ ಪಂದ್ಯವಾದರೆ ಆರೂಮುಕ್ಕಾಲಿಗೆ ಹೊರಬಿದ್ದು, ಸರದಿಯಲ್ಲಿ ನಿಂತು, ರೈಲು ಹತ್ತುವಷ್ಟರಲ್ಲಿ ಎಂಟು ಗಂಟೆ. ಅದೂ ನಡೆಯುತ್ತದೆ, ಸುಸ್ತು ಮಾತ್ರ ಖಾತರಿ. ರಾತ್ರಿ ಎಂಟರ ಪಂದ್ಯವಾದರೆ ಲಂಡನ್ ರೈಲಿನ ಆಸೆಯನ್ನೇ ಬಿಡಿ, ಕಾರ್ಡಿಫ್‌ನಲ್ಲೇ ಉಳಿಯಿರಿ.

ಸರದಿ ಹೇಗಿರುತ್ತದೆ ಎಂದು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಪಂದ್ಯ ಮುಗಿದ ಮೇಲೆ ನಿಲ್ದಾಣದ ಬಾಗಿಲಿನಿಂದ ಯಾರನ್ನೂ ನೇರ ಒಳಗೆ ಬಿಡುವುದಿಲ್ಲ. ನಿಲ್ದಾಣದ ಮುಂದಿನ ಸೆಂಟ್ರಲ್ ಸ್ಕ್ವೇರ್ ಬಯಲಿನಲ್ಲಿ ಕಬ್ಬಿಣದ ತಡೆಗಳನ್ನು ನಿಲ್ಲಿಸಿ, ಯಾವ ದಿಕ್ಕಿನ ರೈಲಿಗೆ ಯಾವ ಸಾಲು ಎಂದು ಫಲಕ ಹಾಕಿರುತ್ತಾರೆ. ಜನ ತಪ್ಪುವುದೇ ಇಲ್ಲಿ. ಕಣ್ಣಿಗೆ ಬಿದ್ದ ಮೊದಲ ಸಾಲಿನಲ್ಲಿ ನಿಂತು, ಅರ್ಧ ಗಂಟೆಯಾದ ಮೇಲೆ ಅದು ಸ್ವಾನ್ಸಿ ಕಡೆಯ ಸಾಲು ಎಂದು ಗೊತ್ತಾಗುತ್ತದೆ. ಲಂಡನ್, ಬ್ರಿಸ್ಟಲ್, ನ್ಯೂಪೋರ್ಟ್ ಮೂರೂ ಪೂರ್ವ ದಿಕ್ಕಿನವು. ಫಲಕ ಓದಿ, ಸಿಬ್ಬಂದಿಯನ್ನು ಒಂದು ಮಾತು ಕೇಳಿ, ಆಮೇಲೆ ನಿಲ್ಲಿ. ಬೆಳಿಗ್ಗೆ ಬಂದಿಳಿದಾಗಲೇ ಆ ತಡೆಗಳು ಎಲ್ಲಿವೆ ಎಂದು ನೋಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ರೈಲಿನ ಟಿಕೆಟ್‌ನಲ್ಲಿ ಒಂದು ಸೂಕ್ಷ್ಮವಿದೆ. ಬ್ರಿಟನ್ನಿನಲ್ಲಿ 'ಅಡ್ವಾನ್ಸ್' ಎಂಬ ಅಗ್ಗದ ಟಿಕೆಟ್ ಒಂದು ನಿರ್ದಿಷ್ಟ ರೈಲಿಗೆ ಮಾತ್ರ. ಆ ರೈಲು ನಿಮ್ಮ ತಪ್ಪಿನಿಂದ ತಪ್ಪಿತೋ, ಟಿಕೆಟ್ ಕಾಗದಕ್ಕೆ ಸಮ. 'ಆಫ್-ಪೀಕ್' ಟಿಕೆಟ್‌ಗೆ ಬೆಲೆ ಹೆಚ್ಚು, ಆದರೆ ದಟ್ಟಣೆ ಇಲ್ಲದ ಹೊತ್ತಿನ ಯಾವ ರೈಲನ್ನಾದರೂ ಹತ್ತಬಹುದು. ಹೋಗುವಾಗ ಅಡ್ವಾನ್ಸ್, ಪಂದ್ಯದ ದಿನವೇ ಮರಳುವುದಾದರೆ ಆಫ್-ಪೀಕ್. ಮರಳುವುದಕ್ಕೂ ಅಡ್ವಾನ್ಸ್ ತೆಗೆದು, ಸರದಿಯಲ್ಲಿ ನಿಂತೇ ರೈಲು ಕಳೆದುಕೊಳ್ಳುವವರು ಪ್ರತಿ ಪಂದ್ಯದಲ್ಲೂ ಇರುತ್ತಾರೆ. ಲಂಡನ್ ಪ್ಯಾಡಿಂಗ್ಟನ್‌ನಿಂದ ಕಾರ್ಡಿಫ್‌ಗೆ ಎರಡು ಗಂಟೆಗೂ ಕೊಂಚ ಕಡಿಮೆ. ದಾರಿಯಲ್ಲಿ 1886ರಲ್ಲಿ ತೆರೆದ ಸೆವರ್ನ್ ಸುರಂಗ ಬರುತ್ತದೆ, ಸುಮಾರು 7 ಕಿಲೋಮೀಟರ್ ಉದ್ದ. ಸುರಂಗದ ದುರಸ್ತಿ ಇದ್ದಾಗ ರೈಲುಗಳು ಗ್ಲಾಸ್ಟರ್ ಕಡೆಯಿಂದ ಸುತ್ತಿಕೊಂಡು ಹೋಗುತ್ತವೆ, ಪ್ರಯಾಣ ಬಹಳ ಉದ್ದವಾಗುತ್ತದೆ. ಇಂಥ ಕೆಲಸ ವಾರಾಂತ್ಯಗಳಲ್ಲೇ ಹೆಚ್ಚು, ಭಾನುವಾರ ಬೆಳಿಗ್ಗೆ ಹೊರಡುವವರು ವಾರದ ಮೊದಲೇ ಸಮಯಪಟ್ಟಿ ನೋಡಿಕೊಳ್ಳಿ.

ಹೀಥ್ರೂನಲ್ಲಿ ಇಳಿಯುವವರು ಲಂಡನ್ ಊರೊಳಗೆ ಹೋಗುವ ಅಗತ್ಯವೇ ಇಲ್ಲ. ವಿಮಾನ ನಿಲ್ದಾಣದಿಂದ ರೆಡಿಂಗ್‌ಗೆ ರೈಲ್‌ಏರ್ ಬಸ್ ಇದೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಹಾದಿ. ರೆಡಿಂಗ್‌ನಲ್ಲಿ ಅದೇ ಪ್ಯಾಡಿಂಗ್ಟನ್–ಕಾರ್ಡಿಫ್ ರೈಲು ಸಿಗುತ್ತದೆ, ಸಾಮಾನು ಹೊತ್ತು ಪೂರ್ವಕ್ಕೆ ಹೋಗಿ ಮತ್ತೆ ಪಶ್ಚಿಮಕ್ಕೆ ತಿರುಗುವುದು ತಪ್ಪುತ್ತದೆ. ಹೀಥ್ರೂನಿಂದ ಕಾರ್ಡಿಫ್‌ಗೆ ನೇರ ಬಸ್ಸೂ ಇದೆ, ಅದು ಸೋಫಿಯಾ ಗಾರ್ಡನ್ಸ್ ಬಳಿ ಇಳಿಸುತ್ತದೆ. 2009ರ ಆ್ಯಷಸ್ ಸರಣಿಯ ಮೊದಲ ಟೆಸ್ಟ್ ನಡೆದ ಅದೇ ಸೋಫಿಯಾ ಗಾರ್ಡನ್ಸ್. ಬೆಳಿಗ್ಗೆ ಬಿಡುವಿದ್ದರೆ ಅಲ್ಲಿಂದ ನದಿ ಪಕ್ಕದ ಬ್ಯೂಟ್ ಪಾರ್ಕ್ ಹಾದು ಊರೊಳಗೆ ನಡೆದು ಬನ್ನಿ.

ಹೋಟೆಲ್ ವಿಷಯಕ್ಕೆ ಬಂದರೆ, ವೇಳಾಪಟ್ಟಿ ಪ್ರಕಟವಾದ ದಿನವೇ ರದ್ದು ಮಾಡಬಹುದಾದ ಕೋಣೆ ಹಿಡಿಯಿರಿ. ಸಿಕ್ಸ್ ನೇಷನ್ಸ್ ವೇಳಾಪಟ್ಟಿ ಹಲವು ತಿಂಗಳು ಮೊದಲೇ ಬರುತ್ತದೆ, ಬಂದ ಕೂಡಲೇ ಕಾರ್ಡಿಫ್‌ನ ದರ ಏರತೊಡಗುತ್ತದೆ. ನಡೆದು ಸೇರಬಹುದಾದ ಕೋಣೆಗೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕಾರ್ಡಿಫ್ ಬೇ ಕಡೆಯ ಹೋಟೆಲ್‌ಗಳು ನೆನಪಿರಲಿ: ಲಾಯ್ಡ್ ಜಾರ್ಜ್ ಅವೆನ್ಯೂ ಹಿಡಿದು ಅರ್ಧ ಗಂಟೆ ನಡೆದರೆ ಸಾಕು, ರೈಲೂ ಬೇಡ, ಟ್ಯಾಕ್ಸಿಯೂ ಬೇಡ. ಟ್ಯಾಕ್ಸಿ ನೆಚ್ಚಿಕೊಳ್ಳುವುದು ಹೇಗೂ ಆಗದು, ಪಂದ್ಯದ ದಿನ ವೆಸ್ಟ್‌ಗೇಟ್ ಸ್ಟ್ರೀಟ್ ಸೇರಿ ಸುತ್ತಲಿನ ರಸ್ತೆಗಳೆಲ್ಲ ಬಂದ್. ನ್ಯೂಪೋರ್ಟ್‌ನಲ್ಲಿ ಕೋಣೆ ಹಿಡಿದರೆ ರೈಲು ಕಾಲು ಗಂಟೆಯದೇ, ಆದರೆ ಆ ಕಾಲು ಗಂಟೆಗೆ ಮುಂಚೆ ಸರದಿಯ ಒಂದು ಗಂಟೆ ಸೇರಿಸಿಕೊಳ್ಳಿ.

ವೀಸಾ ಬಗ್ಗೆ ಮುಖ್ಯವಾದದ್ದಷ್ಟೇ. ಬ್ರಿಟನ್ನಿನ ಸಂದರ್ಶಕ ವೀಸಾಗೆ ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ. ಕಾರ್ಡಿಫ್ ಜೊತೆ ಪ್ಯಾರಿಸ್ ಅಥವಾ ರೋಮ್ ಪಂದ್ಯವನ್ನೂ ನೋಡುವ ಆಸೆ ಇದ್ದರೆ ಷೆಂಗೆನ್ ವೀಸಾ ಬೇರೆಯೇ ಮಾಡಿಸಬೇಕು, ಎರಡೂ ಕಡೆಯ ನಿರ್ಧಾರಕ್ಕೆ ಕಾಯುವ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಪಂದ್ಯದ ಟಿಕೆಟ್ ಕೈಯಲ್ಲಿದೆ ಎಂಬ ಕಾರಣಕ್ಕೆ ವೀಸಾ ಸಿಗುವುದಿಲ್ಲ. ಕೆಲಸ, ಉಳಿತಾಯ, ಮರಳಿ ಬರುವ ಕಾರಣ ಇವೇ ತೂಗುವುದು.

ಪಂದ್ಯದ ಟಿಕೆಟ್ ವೇಲ್ಸ್ ರಗ್ಬಿ ಒಕ್ಕೂಟದ ಅಧಿಕೃತ ಮಾರಾಟದಿಂದಲೇ ತೆಗೆಯಿರಿ. ದೊಡ್ಡ ಪಾಲು ಸ್ಥಳೀಯ ಕ್ಲಬ್‌ಗಳ ಮೂಲಕ ಹೋಗುತ್ತದೆ, ಉಳಿದದ್ದು ಸಾರ್ವಜನಿಕ ಮಾರಾಟಕ್ಕೆ ಬರುತ್ತದೆ. ಖಾತೆಯನ್ನು ಮೊದಲೇ ತೆರೆದು, ವಿಳಾಸ, ಕಾರ್ಡ್ ಎಲ್ಲ ತುಂಬಿಟ್ಟಿರಿ. ಟಿಕೆಟ್ ಫೋನಿಗೆ ಬರುತ್ತದೆ, ಅದಕ್ಕೇ ಇಲ್ಲಿ ಆಗುವ ತೊಂದರೆಗಳೆಲ್ಲ ಫೋನಿನವೇ. ಮೊದಲನೆಯದು ಒಟಿಪಿ: ಅಲ್ಲಿ ಇಳಿದ ತಕ್ಷಣ ಹಳೆಯ ಸಿಮ್ ತೆಗೆದು ಸ್ಥಳೀಯ ಸಿಮ್ ಹಾಕಿದರೆ, ಬ್ಯಾಂಕಿನದೋ ಟಿಕೆಟ್ ಖಾತೆಯದೋ ಒಟಿಪಿ ನಿಮಗೆ ತಲುಪುವುದೇ ಇಲ್ಲ. ಹಳೆಯ ಸಿಮ್ ಫೋನಿನಲ್ಲೇ ಇರಲಿ, ಡೇಟಾಕ್ಕೆ ಇ-ಸಿಮ್ ಹಾಕಿಕೊಳ್ಳಿ. ಎರಡನೆಯದು ನೆಟ್‌ವರ್ಕ್: ಅಷ್ಟು ಜನ ಒಂದೆಡೆ ಸೇರಿದಾಗ ಡೇಟಾ ತೆವಳುತ್ತದೆ, ಟಿಕೆಟನ್ನು ಹೋಟೆಲ್‌ನಲ್ಲಿದ್ದಾಗಲೇ ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ನಂಬಬೇಡಿ. ನಾಲ್ಕು ಜನರ ಟಿಕೆಟ್ ಒಬ್ಬರ ಫೋನಿನಲ್ಲಿದ್ದರೆ ನಾಲ್ವರೂ ಒಟ್ಟಿಗೇ ಗೇಟು ದಾಟಬೇಕಾಗುತ್ತದೆ, ಅವರವರಿಗೆ ಮೊದಲೇ ವರ್ಗಾಯಿಸಿಬಿಡಿ. ಪವರ್ ಬ್ಯಾಂಕ್ ಜೇಬಿನಲ್ಲಿರಲಿ.

ಯಾವ ಸೀಟು? ಇದು ನನಗೆ ಬಹಳ ಮುಖ್ಯವೆನಿಸುವ ಪ್ರಶ್ನೆ. ಬ್ಲಾಕ್ ಸಂಖ್ಯೆಯ ಮುಂದಿನ ಎಲ್, ಎಂ, ಯು ಅಕ್ಷರಗಳು ಕೆಳ, ನಡು, ಮೇಲಿನ ಅಂತಸ್ತನ್ನು ಸೂಚಿಸುತ್ತವೆ. ಮೈದಾನಕ್ಕೆ ಅಂಟಿಕೊಂಡ ಕೆಳಸಾಲು ಆಕರ್ಷಕ ಅನ್ನಿಸುತ್ತದೆ ನಿಜ. ಚೆಂಡು ಹಿಡಿದವನನ್ನು ಕೆಡವುವ ಟ್ಯಾಕಲ್‌ನ ಸದ್ದು ಎದೆಗೆ ತಾಕುತ್ತದೆ, ಆದರೆ ಆಚೆ ಬದಿಯ ಟಚ್‌ಲೈನ್‌ನಲ್ಲಿ (ಮೈದಾನದ ಪಕ್ಕದ ಗೆರೆ) ಆಟ ನಡೆದಾಗ ಬೆನ್ನುಗಳ ಹೊರತು ಏನೂ ಕಾಣದು. ರಗ್ಬಿಯಲ್ಲಿ ನೋಡಬೇಕಾದದ್ದು ಅಗಲ ಮತ್ತು ಆಳ, ಎರಡೂ ಎತ್ತರದಿಂದಲೇ ಕಾಣುವುದು. ಗೋಲ್ ಕಂಬಗಳ ಹಿಂದೆ, ಮೇಲೆ ಕುಳಿತವರಿಗೆ ರಕ್ಷಣೆಯ ಸಾಲಿನಲ್ಲಿ ಎಲ್ಲಿ ಸಂದು ಬಿದ್ದಿದೆ ಎಂಬುದು ಚೆಂಡು ಹಿಡಿದವನಿಗಿಂತ ಮೊದಲೇ ಕಾಣುತ್ತದೆ. ಒಂದು ಉದಾಹರಣೆ: ಆಟಗಾರ ತನ್ನ ಅರ್ಧದಿಂದ ಒದ್ದ ಚೆಂಡು ನೆಲಕ್ಕೆ ಪುಟಿದು ಎದುರಾಳಿಯ 22 ಮೀಟರ್ ಗೆರೆಯೊಳಗೆ ಟಚ್‌ಗೆ, ಅಂದರೆ ಪಕ್ಕದ ಗೆರೆಯಾಚೆ ಹೋದರೆ, ಚೆಂಡನ್ನು ಮತ್ತೆ ಆಟಕ್ಕೆ ತರುವ ಲೈನ್‌ಔಟ್ ಎಸೆತ ಒದ್ದ ತಂಡಕ್ಕೇ ಸಿಗುತ್ತದೆ. ಈ ಭಯದಿಂದ ಎದುರಾಳಿಯ ವಿಂಗರ್ (ಮೈದಾನದ ಅಂಚಿನ ಆಟಗಾರ) ಮುಂದಿನ ಸಾಲು ಬಿಟ್ಟು ಹಿಂದಕ್ಕೆ ಸರಿಯುತ್ತಾನೆ, ಸರಿದರೆ ಮುಂದೆ ಜಾಗ ಖಾಲಿ. ಹತ್ತು ಹೆಜ್ಜೆ ಹಿಂದೆ, ಮತ್ತೆ ಐದು ಹೆಜ್ಜೆ ಮುಂದೆ, ಹೀಗೆ ಆಟದುದ್ದಕ್ಕೂ ಅವನು ಲೋಲಕದಂತೆ ತೂಗುತ್ತಿರುತ್ತಾನೆ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುವುದರಿಂದ ಇದನ್ನು ತೋರಿಸುವುದು ಅಪರೂಪ. ಇಷ್ಟು ದೂರ ಹೋಗುವುದು ಇದನ್ನು ನೋಡಲೆಂದೇ.

ಸಾಲಿನ ಅಂಚಿನ ಸೀಟು ಮಾತ್ರ ಬೇಡ. ಬ್ರಿಟನ್ನಿನ ಫುಟ್‌ಬಾಲ್‌ನಲ್ಲಿ ಮೈದಾನ ಕಾಣುವ ಜಾಗದಲ್ಲಿ ಕುಡಿಯುವುದಕ್ಕೆ ನಿರ್ಬಂಧ ಇದ್ದರೆ, ರಗ್ಬಿಯಲ್ಲಿ ಬಿಯರ್ ಸೀಟಿಗೇ ಬರುತ್ತದೆ. ತರಲು ಹೋಗುವವರು, ತಂದು ಮರಳುವವರು, ಶೌಚಾಲಯಕ್ಕೆ ಹೊರಟವರು, ಪ್ರತಿಯೊಬ್ಬರಿಗೂ ಅಂಚಿನವರು ಎದ್ದು ದಾರಿ ಬಿಡಬೇಕು. ಸಾಲಿನ ನಡುವೆ ಕುಳಿತರೆ ಈ ಕಾಟ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳ ಜೊತೆ ಹೋಗುವವರು ಮದ್ಯರಹಿತ ಬ್ಲಾಕ್ ಇದೆಯೇ ಎಂದು ಟಿಕೆಟ್ ತೆಗೆಯುವಾಗಲೇ ನೋಡಿ. ಎರಡೂ ತಂಡಗಳ ಅಭಿಮಾನಿಗಳು ಬೆರೆತೇ ಕೂರುತ್ತಾರೆ, ಬೇಲಿ ಇಲ್ಲ, ಜಗಳವೂ ಅಪರೂಪ. ಈ ಆಟದ ಬಗ್ಗೆ ನನಗೆ ಅತಿ ಹೆಮ್ಮೆಯ ಸಂಗತಿ ಇದು.

ಬಟ್ಟೆ: ಫೆಬ್ರವರಿಯಲ್ಲಿ ಹಗಲು ಎಂಟೊಂಬತ್ತು ಡಿಗ್ರಿ, ತಿಂಗಳ ಆರಂಭದಲ್ಲಿ ಸಂಜೆ ಐದರ ಸುಮಾರಿಗೆ ಕತ್ತಲೆ. ಕ್ರೀಡಾಂಗಣಕ್ಕೆ ಮುಚ್ಚಿ ತೆರೆಯುವ ಛಾವಣಿ ಇದೆ, ಪೂರ್ತಿ ಸರಿಯಲು ಸುಮಾರು 20 ನಿಮಿಷ. ಮುಚ್ಚಿದ್ದರೆ ಒಳಗೆ ಬೆಚ್ಚಗೆ, ಹಾಡು ಕಿವಿಗಡಚಿಕ್ಕುತ್ತದೆ. ಮಳೆ ಬೀಳದಿದ್ದರೂ ಉಸಿರು, ಬೆವರಿನ ತೇವಕ್ಕೆ ಚೆಂಡು ಜಾರುವುದುಂಟು, ಕೈತಪ್ಪಿದ ಪ್ರತಿ ಚೆಂಡಿಗೂ ಆಟಗಾರನನ್ನೇ ಬೈಯಬೇಡಿ. ಛಾವಣಿ ತೆರೆದಿರಲೂಬಹುದು ಎಂದೇ ಪದರ ಪದರವಾಗಿ ಧರಿಸಿ. ಕೊಡೆ ಬೇಡ, ಟೋಪಿ ಇರುವ ಮಳೆಕೋಟು ಸಾಕು. ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿದ್ದರೆ ಅಲ್ಲಿನ ದೊಡ್ಡ ಕ್ರೀಡಾಂಗಣಗಳಲ್ಲಿ ಗೇಟಿನಲ್ಲೇ ತಡೆಯುವುದು ವಾಡಿಕೆ, ಹೋಟೆಲ್‌ನಲ್ಲೇ ಬಿಟ್ಟು ಬನ್ನಿ.

ಊಟ ಹೊರಗೇ ಮುಗಿಸಿ. 15 ನಿಮಿಷದ ವಿರಾಮದಲ್ಲಿ ಒಳಗಿನ ಸಾಲು ಕರಗುವುದಿಲ್ಲ. ಕಾರ್ಡಿಫ್ ಮಾರ್ಕೆಟ್‌ನಲ್ಲಿ ಕಾವಲಿಯ ಮೇಲೆ ಬೇಯಿಸಿದ ವೆಲ್ಷ್ ಕೇಕ್ ಬಿಸಿಯಾಗಿ ಸಿಗುತ್ತದೆ, ಒಣದ್ರಾಕ್ಷಿ ಹಾಕಿದ ದಪ್ಪ ಬಿಲ್ಲೆ. ಮೊಟ್ಟೆ ಇರುತ್ತದೆ, ಹಂದಿಕೊಬ್ಬು ಹಾಕುವ ಪದ್ಧತಿಯೂ ಉಂಟು. ಸಸ್ಯಾಹಾರಿಗಳು ಕೇಳಿಯೇ ತಿನ್ನಿ.

ಆಟ ಶುರುವಾಗುವ ಒಂದು ಗಂಟೆ ಮೊದಲು ಸೀಟಿನಲ್ಲಿರಿ. ಅಭ್ಯಾಸ ನೋಡುವುದೇ ಒಂದು ಪಾಠ. ಒದೆಯುವ ಆಟಗಾರ ಒಂದೊಂದೇ ಹಂತ ಹಿಂದೆ ಸರಿಯುತ್ತ ಗೋಲ್‌ಗೆ ಒದೆಯುತ್ತಾನೆ. ಅವನು ಎಲ್ಲಿ ನಿಲ್ಲಿಸಿದನೋ ಅಲ್ಲಿಗೆ ಆ ದಿನದ ಅವನ ಗಡಿ. ಪಂದ್ಯದಲ್ಲಿ ಆ ಗಡಿಯಾಚೆ ಪೆನಾಲ್ಟಿ ಸಿಕ್ಕರೆ ನಾಯಕ ಮೂರು ಅಂಕಕ್ಕೆ ಪ್ರಯತ್ನಿಸದೆ ಚೆಂಡನ್ನು ಟಚ್‌ಗೆ ಒದೆಸುವುದು ಏಕೆಂದು ಆಗ ಅರ್ಥವಾಗುತ್ತದೆ. ರೆಫರಿಯ ಮಾತು ಕೇಳಿಸುವ ಪುಟ್ಟ ಕಿವಿ ರೇಡಿಯೊ ಮಾರಾಟಕ್ಕಿದ್ದರೆ ತಪ್ಪದೆ ಕೊಳ್ಳಿ. "ಕ್ರೌಚ್, ಬೈಂಡ್, ಸೆಟ್" ಎಂಬ ಕರೆ, ಆಮೇಲೆ ಸ್ಕ್ರಮ್ ಕುಸಿದಾಗ ಯಾರ ತಪ್ಪು, ಯಾಕೆ ಎಂಬ ವಿವರಣೆ, ಎಲ್ಲವೂ ಕಿವಿಯಲ್ಲಿ. ಹೊಸಬರಿಗೆ ಅದರಷ್ಟು ಒಳ್ಳೆಯ ಮೇಷ್ಟರಿಲ್ಲ. ವೇಲ್ಸ್ ರಾಷ್ಟ್ರಗೀತೆಯ ಹೊತ್ತಿಗೆ ಮಾತ್ರ ರೇಡಿಯೊ ತೆಗೆದಿಡಿ. 1905ರ ಡಿಸೆಂಬರ್ 16ರಂದು, ಪಕ್ಕದ ಕಾರ್ಡಿಫ್ ಆರ್ಮ್ಸ್ ಪಾರ್ಕ್‌ನಲ್ಲಿ ನ್ಯೂಜಿಲೆಂಡ್ ಆಟಗಾರರ ಮಾವೋರಿ ನೃತ್ಯ ಹಾಕಾ ಮುಗಿದ ಮೇಲೆ ವೇಲ್ಸ್ ಆಟಗಾರರು ಇದೇ ಗೀತೆ ಎತ್ತಿಕೊಂಡರು, ಇಡೀ ಮೈದಾನ ದನಿಗೂಡಿಸಿತು. ಅಂದು ವೇಲ್ಸ್ 3–0ರಿಂದ ಗೆದ್ದಿತು.

ಕೊನೆಯ ಸೀಟಿ ಊದಿದ ಕೂಡಲೇ ಏಳಬೇಡಿ. ಮೊದಲ ಹತ್ತು ನಿಮಿಷ ಮೆಟ್ಟಿಲುಗಳಲ್ಲಿ ಜನ ಅಲುಗಾಡುವುದೇ ಇಲ್ಲ, ಸೀಟಿನಲ್ಲಿ ಕುಳಿತವರಿಗೂ ಮೆಟ್ಟಿಲಲ್ಲಿ ನಿಂತವರಿಗೂ ಹೊರಬೀಳುವ ಹೊತ್ತು ಹೆಚ್ಚುಕಡಿಮೆ ಒಂದೇ. ಆ ಹೊತ್ತಿನಲ್ಲಿ ಆಟಗಾರರು ಮನೆಯವರನ್ನು ಹುಡುಕಿಕೊಂಡು ಗ್ಯಾಲರಿಯ ಅಂಚಿಗೆ ಬರುತ್ತಾರೆ. ಮೈದಾನದ ಸಿಬ್ಬಂದಿ ಕವಲುಗೋಲು ಹಿಡಿದು ಬಂದು, ಸ್ಕ್ರಮ್ ನಡೆದ ಜಾಗದಲ್ಲಿ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಎತ್ತಿ, ತಿರುಗಿಸಿ, ಕಾಲಿನಿಂದ ಒತ್ತಿ ಕೂರಿಸುತ್ತಾರೆ. ಕಾವಲಿನವರು ಹೊರಡಿ ಎಂದಾಗ ಎದ್ದು, ಪೂರ್ವದ ಸಾಲು ಯಾವುದೆಂದು ಕೇಳಿಕೊಂಡು ನಡೆಯಿರಿ.