25 ಗ್ರಾಂನಲ್ಲಿ ‘ಇಲ್ಲ’

ನಮ್ಮ ಆಹಾರ ಪರೀಕ್ಷೆ ಲ್ಯಾಬಿನ ರಿಪೋರ್ಟಿನಲ್ಲಿ, ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾದ ಎದುರು ಬರೆಯೋದು ಎರಡೇ ಮಾತು. 25 ಗ್ರಾಂನಲ್ಲಿ ಇದೆ, ಇಲ್ಲವೇ 25 ಗ್ರಾಂನಲ್ಲಿ ಇಲ್ಲ. ‘ಇದೆ’ ಅಂದರೆ ರಗಳೆ: ಮತ್ತೆ ಖಾತ್ರಿ ಮಾಡಬೇಕು, ಕಂಪನಿಯವರ ಫೋನು ಬೇರೆ. ‘ಇಲ್ಲ’ ಅಂದರೆ ಸಹಿ ಹಾಕಿ ಊಟಕ್ಕೆ ಹೋಗಬಹುದು. ಕೆಲಸಕ್ಕೆ ಸೇರಿದ ಮೊದಲೆರಡು ವರ್ಷ ನಾನು ಹಾಗೇ ಊಟಕ್ಕೆ ಹೋದವನು.

ಆಗ ಮಸಾಲೆ ಪುಡಿಗಳಲ್ಲಿ ಸಾಲ್ಮೊನೆಲ್ಲಾವನ್ನು ಪಿಸಿಆರ್‌ನಿಂದ ಬೇಗ ಪತ್ತೆ ಹಚ್ಚೋ ಸಂಶೋಧನೆಯಲ್ಲಿದ್ದೆ. ಪಿಸಿಆರ್ ಅಂದರೆ ಡಿಎನ್ಎಯನ್ನು ಎಂಜೈಮಿನಿಂದ ಲಕ್ಷಾಂತರ ಪಟ್ಟು ನಕಲು ಮಾಡಿ ಗುರುತಿಸೋ ಪರೀಕ್ಷೆ. ಹಳೆಯ ವಿಧಾನಕ್ಕೆ ನಾಲ್ಕೈದು ದಿನ ಬೇಕು. 25 ಗ್ರಾಂ ಪುಡಿಯನ್ನು 225 ಮಿಲಿ ಪೆಪ್ಟೋನ್ ನೀರಿಗೆ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬೇಕು. ಒಣಪುಡಿಯಲ್ಲಿ ಅರೆಜೀವವಾಗಿರೋ ಬ್ಯಾಕ್ಟೀರಿಯಾಕ್ಕೆ ಇದು ಜ್ವರದಿಂದ ಎದ್ದವರಿಗೆ ಕೊಡೋ ಗಂಜಿ ಇದ್ದ ಹಾಗೆ. ಚೇತರಿಸಿಕೊಂಡ ಮೇಲೆ ಬೇರೆ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕೋ ದ್ರವಕ್ಕೆ, ಅಲ್ಲಿಂದ ಬ್ಯಾಕ್ಟೀರಿಯಾ ಬೆಳೆಸೋ ಕೆಂಪು ಜೆಲ್ಲಿಯ ಎಕ್ಸ್‌ಎಲ್‌ಡಿ ಪ್ಲೇಟಿಗೆ. ಇದ್ದರೆ ಕೆಂಪು ಪ್ಲೇಟಿನ ಮೇಲೆ ನಡುವೆ ಕಪ್ಪು ಚುಕ್ಕೆ ಇರೋ ಕಾಲೊನಿಗಳು ಏಳುತ್ತವೆ, ಥೇಟ್ ಮೀನಿನ ಕಣ್ಣು.

ವಿಧಾನ ಸರಿಯಿದೆಯಾ ಅಂತ ನೋಡೋಕೆ ನಾವೇ ಪುಡಿಗೆ ಜೀವಂತ ಬ್ಯಾಕ್ಟೀರಿಯಾ ಬೆರೆಸಿ, ವಾಪಸ್ ಸಿಗುತ್ತಾ ಅಂತ ಪರೀಕ್ಷೆ ಮಾಡ್ತೀವಿ. ಕೊತ್ತಂಬರಿ ಪುಡಿಯಲ್ಲಿ ಸಿಕ್ಕಿತು, ಮೆಣಸಿನಪುಡಿಯಲ್ಲೂ ಸಿಕ್ಕಿತು. ಲವಂಗದ ಪುಡಿಯಲ್ಲಿ ಮಾತ್ರ ಮೂರು ಸಲ ಮಾಡಿದರೂ ಪ್ಲೇಟು ಆಗಷ್ಟೇ ಸುರಿದಿಟ್ಟ ಹಾಗೆ ಸ್ವಚ್ಛ. ಪಿಸಿಆರ್‌ನಲ್ಲೂ ಏನಿಲ್ಲ. ಕಲ್ಚರ್, ಅಂದರೆ ಬೆರೆಸಿದ ಬ್ಯಾಕ್ಟೀರಿಯಾವೇ, ಸತ್ತಿರಬೇಕು ಅಂದುಕೊಂಡೆ. ಅದನ್ನು ಬೇರೆ ಪ್ಲೇಟಿಗೆ ಹಾಕಿದರೆ ದಟ್ಟವಾಗಿ ಬೆಳೆದಿತ್ತು. ಬ್ಯಾಕ್ಟೀರಿಯಾ ಬೆಳೆಸೋ ಮೀಡಿಯಾ ಕೆಟ್ಟಿರಬೇಕು ಅಂತ ಹೊಸ ಡಬ್ಬ ಒಡೆದೆ. ಹತ್ತು ದಿನ ಹೋಯಿತು.

ಕೊನೆಗೆ ನಮ್ಮ ಸೀನಿಯರ್ ಮೇಡಂ ಬಂದು ಬಾಟಲಿ ಮೂಸಿ, “ಏನಪ್ಪಾ, ಹಲ್ಲುನೋವಿಗೆ ನಿಮ್ಮನೇಲಿ ಏನಿಡ್ತಾರೆ?” ಅಂದರು.

ಲವಂಗ! ಚಿಕ್ಕಂದಿನಲ್ಲಿ ಅಜ್ಜಿ ದವಡೆಗೆ ಇಡುತ್ತಿದ್ದದ್ದು ಅದನ್ನೇ. ಲವಂಗವನ್ನು ಒಂದಕ್ಕೆ ಹತ್ತರ ಲೆಕ್ಕದಲ್ಲಿ ಹಾಕಿ, ಅದರಲ್ಲಿರೋ ಬ್ಯಾಕ್ಟೀರಿಯಾ ಕೊಲ್ಲೋ ಯೂಜಿನಾಲ್ ಪೆಪ್ಟೋನ್ ನೀರಿಗೆ ಬಿದ್ದರೆ ಗಂಜಿಯೇ ವಿಷ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ, ತೆಳುವಾಗಿಸಿದರೆ ಆ ವಿಷ ಇಳಿಯುತ್ತೆ: ದಾಲ್ಚಿನ್ನಿಗೆ ಒಂದಕ್ಕೆ ನೂರು, ಲವಂಗಕ್ಕೆ ಒಂದಕ್ಕೆ ಸಾವಿರ. ಅಂದರೆ 25 ಗ್ರಾಂ ಲವಂಗಕ್ಕೆ 25 ಲೀಟರ್ ದ್ರವ. ಈರುಳ್ಳಿ, ಬೆಳ್ಳುಳ್ಳಿ ಪುಡಿಗಾದರೆ ಪೊಟ್ಯಾಸಿಯಂ ಸಲ್ಫೈಟ್ ಸೇರಿಸಬೇಕು. ನಾನು ಆ ಪುಟ ತಿರುವೇ ಹಾಕಿರಲಿಲ್ಲ. ಪಿಸಿಆರ್ ಕಥೆ ಬೇರೆ. ಮಸಾಲೆಯಲ್ಲಿರೋ ರಾಸಾಯನಿಕಗಳಾದ ಪಾಲಿಫಿನಾಲ್‌ಗಳು ಡಿಎನ್ಎ ಜೊತೆಗೇ ಬಂದು ಎಂಜೈಮಿನ ಕೆಲಸ ಕೆಡಿಸುತ್ತವೆ. ಅದನ್ನು ಹಿಡಿದುಕೊಡೋ ಕಂಟ್ರೋಲ್, ಅಂದರೆ ನಕಲಾಗಲೇಬೇಕಾದ ಗೊತ್ತಿರೋ ಡಿಎನ್ಎ ಒಂದನ್ನು, ಪ್ರತಿ ಟ್ಯೂಬಿಗೂ ಹಾಕಬೇಕು. ಖರ್ಚು ಉಳಿಸೋಕೆ ನಾನು ಅದನ್ನೂ ಬಿಟ್ಟಿದ್ದೆ.

ಸಂಶೋಧನೆ ಹತ್ತು ದಿನ ತಡವಾಗಿದ್ದು ದೊಡ್ಡದಲ್ಲ. ಆ ಸಂಜೆ ಹಳೇ ರಿಜಿಸ್ಟರ್ ತೆಗೆದೆ. ಗರಂ ಮಸಾಲೆ, ಬಿರಿಯಾನಿ ಮಸಾಲೆ, ಎಲ್ಲಕ್ಕೂ ಒಂದಕ್ಕೆ ಹತ್ತು. ಎಲ್ಲದರ ಮುಂದೆಯೂ ‘ಇಲ್ಲ’, ಕೆಳಗೆ ನನ್ನ ಸಹಿ.

ನಮ್ಮ ಮಸಾಲೆ ಬಹುಪಾಲು ಪಾತ್ರೆಯಲ್ಲಿ ಕುದಿಯುತ್ತೆ, ಅದೇ ನಮ್ಮನ್ನು ಕಾಯ್ತಾ ಇದೆ ಅಂತ ನನ್ನ ಲೆಕ್ಕ. ಹೆಚ್ಚಿದ ಸೌತೆಕಾಯಿಗೆ ಉದುರಿಸೋ ಮಸಾಲೆಗೆ ಆ ಕಾವಲಿಲ್ಲ. 2009–10ರಲ್ಲಿ ಅಮೆರಿಕದಲ್ಲಿ ಸಲಾಮಿ ಮಾಂಸಕ್ಕೆ ಸವರಿದ ಮೆಣಸಿನಿಂದ ಸಾಲ್ಮೊನೆಲ್ಲಾ ಹರಡಿ 272 ಜನ ಕಾಯಿಲೆ ಬಿದ್ದಿದ್ದರು.

ಮರುದಿನ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಬೈದರು, ಆಮೇಲೆ ಆ ಹಳೇ ಮಸಾಲೆಗಳಲ್ಲಿ ಬೀಗ ಹಾಕಿ ಉಳಿಸಿಟ್ಟಿದ್ದ ಆರು ಪೊಟ್ಟಣಗಳನ್ನು ತೆಗೆಸಿದರು. ಒಂದಕ್ಕೆ ನೂರರ ಲೆಕ್ಕದಲ್ಲಿ ಮತ್ತೆ ಹಾಕಿದೆವು. ಪ್ರತಿ ಬಾಟಲಿಯ ಪಕ್ಕದಲ್ಲಿ ಅದೇ ಮಸಾಲೆಗೆ ಬ್ಯಾಕ್ಟೀರಿಯಾ ಬೆರೆಸಿದ ಇನ್ನೊಂದು ಬಾಟಲಿ. ಆರು ಪೊಟ್ಟಣದಲ್ಲೂ ಏನೂ ಸಿಗಲಿಲ್ಲ. ಪಕ್ಕದ ಆರೂ ಪ್ಲೇಟುಗಳಲ್ಲಿ ಮೀನಿನ ಕಣ್ಣು ತುಂಬಿಕೊಂಡಿತ್ತು.

ಈಗ ಲವಂಗದ ಸ್ಯಾಂಪಲ್ ಬಂದರೆ ಸಾಕು, ಮೀಡಿಯಾ ಮಾಡೋ ಹುಡುಗ ದ್ರವವನ್ನು ಹಬೆಯಲ್ಲಿ ಶುದ್ಧ ಮಾಡೋ ಆಟೊಕ್ಲೇವ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡ್ತಾನೆ. “ಸರ್, ಇವತ್ತೂ ಇಪ್ಪತ್ತೈದು ಲೀಟರ್ರಾ?”