ಜೇಬಲ್ಲೇ ಕ್ಯಾಮೆರಾ ಇದೆಯಲ್ಲ, ಗಿಡದ ಚಿತ್ರ ಕೈಯಲ್ಲಿ ಯಾಕೆ ಬರೀತೀರಿ?

ಗಿಡಗಳ ಚಿತ್ರ ಬಿಡಿಸುವುದು ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದೊಂದೇ. ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದವರು ಕೇಳುತ್ತಾರೆ. ಸಸ್ಯಶಾಸ್ತ್ರ ಓದುವ ಹುಡುಗರೂ ಕೇಳುತ್ತಾರೆ. ಅರ್ಧ ಜನ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ: "ಕೈಯಲ್ಲಿ ಬರೆದದ್ದರಲ್ಲಿ ಜೀವ ಇರುತ್ತೆ ಬಿಡಿ." ಈ ಮಾತನ್ನು ನಾನು ಒಪ್ಪುವುದಿಲ್ಲ. ಜೀವ ತುಂಬಿದ ಫೋಟೋಗಳು ಬೇಕಾದಷ್ಟಿವೆ. ಸತ್ತಂತಿರುವ ಚಿತ್ರಗಳೂ ಅಷ್ಟೇ ಇವೆ.

ನನ್ನ ಉತ್ತರ ಬೇರೆ. ಫೋಟೋ ಒಂದು ಗಿಡವನ್ನು ಒಂದು ಕ್ಷಣದಲ್ಲಿ ತೋರಿಸುತ್ತದೆ. ಸಸ್ಯಶಾಸ್ತ್ರಕ್ಕೆ ಬೇಕಾದದ್ದು ಆ ಜಾತಿಯ ಗಿಡ ವರ್ಷವಿಡೀ ಹೇಗಿರುತ್ತದೆ ಅನ್ನೋದು. ಅದಕ್ಕೆ ಯಾರಾದರೂ ಕೂತು, ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡಬೇಕು.

ಗೌರಿ ಹೂವನ್ನೇ ತೆಗೆದುಕೊಳ್ಳಿ. ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬುತ್ತದೆ, ಗೌರಿ ಹಬ್ಬದ ಹೊತ್ತಿಗೆ ಹೂ ಬಿಡುತ್ತದೆ. ಮೊಗ್ಗು ಹಸಿರು, ತಲೆ ಕೆಳಗಾಗಿ ನೇತಾಡುತ್ತದೆ. ಅರಳಿದ ಮೇಲೆ ಆರು ಎಸಳುಗಳೂ ಹಿಂದಕ್ಕೆ ಬಾಗಿ ಮೇಲೆ ನೋಡುತ್ತವೆ. ಅಂಚೆಲ್ಲ ಅಲೆ ಅಲೆ. ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತದೆ, ಕೆಲವು ದಿನಗಳಲ್ಲಿ ಇಡೀ ಹೂವೇ ಕೆಂಪು. ಎಲೆಯ ತುದಿ ಬಳ್ಳಿಕುಡಿಯಾಗಿ ಸುತ್ತಿಕೊಂಡು ಪಕ್ಕದ ಗಿಡವನ್ನು ಹಿಡಿಯುತ್ತದೆ.

ಇದರಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಭಾಗ ಶಲಾಕೆ, ಅಂದರೆ ಅಂಡಾಶಯದಿಂದ ಹೊರಡುವ ಆ ಸಣ್ಣ ಕಡ್ಡಿ. ಬೇರೆ ಹೂಗಳಲ್ಲಿ ಅದು ಸಾಮಾನ್ಯವಾಗಿ ನೇರವಾಗಿ ಹೋಗುತ್ತದೆ. ಇಲ್ಲಿ ಬುಡದಲ್ಲೇ ಸರಿಯಾಗಿ ಪಕ್ಕಕ್ಕೆ ತಿರುಗುತ್ತದೆ, ಹೆಚ್ಚುಕಡಿಮೆ 90 ಡಿಗ್ರಿ. ಈ ತಿರುವು ಫೋಟೋದಲ್ಲಿ ಹಿಡಿಯೋದು ಕಷ್ಟ. ಶಲಾಕೆ ನಿಮ್ಮ ಕಡೆ ಮುಖ ಮಾಡಿದ್ದರೆ ಒಂದು ಚುಕ್ಕೆಯಂತೆ ಕಾಣುತ್ತದೆ. ಕ್ಯಾಮೆರಾವನ್ನು ಪಕ್ಕಕ್ಕೆ ಒಯ್ದರೆ ಕೇಸರಗಳು ಅಡ್ಡ ಬರುತ್ತವೆ. ಚಿತ್ರದಲ್ಲಿ ನಾನು ಎರಡು ಹೂ ಬಿಡಿಸುತ್ತೇನೆ. ಒಂದು ಇಡೀ ಹೂ. ಪಕ್ಕದಲ್ಲಿ ಇನ್ನೊಂದು, ಮುಂದಿನ ಎಸಳು, ಕೇಸರ ತೆಗೆದುಹಾಕಿದ್ದು. ತಿರುವು ಅಲ್ಲಿ ಕಣ್ಣಿಗೆ ರಾಚುತ್ತದೆ. ಕೆಳಗೆ ಮೂರು ಕೋಣೆಗಳ ಅಂಡಾಶಯದ ಅಡ್ಡಕೊಯ್ತ, ಒಡೆದ ಕಾಯಿ, ಅದರೊಳಗಿನ ಕೇಸರಿ ಕೆಂಪು ಬೀಜ. ಕಾಯಿ ಒಡೆಯುವಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತದೆ. ಆದರೂ ಹಾಳೆಯ ಮೇಲೆ ಎರಡೂ ಒಟ್ಟಿಗೆ ಇರುತ್ತವೆ. ಗಡ್ಡೆಯನ್ನೂ ಬರೆಯಬೇಕು, ಆದರೆ ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಕೊಲ್ಚಿಸಿನ್ ಇದೆ, ಭಾರೀ ವಿಷ. ಗೌಟ್ ರೋಗಕ್ಕೆ ಕೊಡುವ ಔಷಧಿಯೂ ಅದೇ.

ಇಷ್ಟೆಲ್ಲ ಬರಿಗಣ್ಣಿನಿಂದ ಆಗುವ ಕೆಲಸ ಅಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ ಬೇಕು, ಅಳತೆಗೆ ಡಿವೈಡರ್ ಬೇಕು, ಪರಾಗದಂಥ ಚಿಕ್ಕದಕ್ಕೆ ಸೂಕ್ಷ್ಮದರ್ಶಕ ಬೇಕು. ಫೋನೂ ಬೇಕು, ನಾನೇನು ಅದರ ಶತ್ರು ಅಲ್ಲ. ಗಿಡ ಎಲ್ಲಿತ್ತು, ಎಷ್ಟು ಎತ್ತರ ಇತ್ತು ಅನ್ನೋದಕ್ಕೆಲ್ಲ ಫೋಟೋನೇ ಆಧಾರ. ಬಣ್ಣ ಮಾತ್ರ ಹೂವಿನ ಪಕ್ಕ ಕೂತೇ ಬೆರೆಸಿ ಗುರುತು ಹಾಕಿಕೊಳ್ಳುತ್ತೇನೆ.

ಅಂದಹಾಗೆ, ಈ ಪ್ರಶ್ನೆ ಹೊಸದೇನಲ್ಲ. ಫೋಟೋಗ್ರಫಿ ಹುಟ್ಟಿದಾಗಲೇ ಇದೂ ಹುಟ್ಟಿತು. ಇಂಗ್ಲೆಂಡಿನ ಆನ್ನಾ ಅಟ್ಕಿನ್ಸ್ ಒಳ್ಳೆಯ ಚಿತ್ರಗಾರ್ತಿ. ತಂದೆಯ ಪುಸ್ತಕಕ್ಕಾಗಿ ಚಿಪ್ಪುಗಳ ಚಿತ್ರಗಳನ್ನು ಆಕೆಯೇ ಬರೆದಿದ್ದರು. 1843ರಲ್ಲಿ ಆಕೆ ಕಡಲಪಾಚಿಗಳನ್ನು ತೋರಿಸಲು ಕುಂಚ ಬಿಟ್ಟು ಸಯನೋಟೈಪ್ ಹಿಡಿದರು. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಪಾಚಿ ಇಟ್ಟು ಬಿಸಿಲಿಗೆ ಹಿಡಿದು ತೊಳೆದರೆ ನೀಲಿ ನೆಲದ ಮೇಲೆ ಬಿಳಿ ನೆರಳು ಮೂಡುತ್ತದೆ. ವಿಜ್ಞಾನಿ ಜಾನ್ ಹರ್ಷೆಲ್ ಈ ವಿಧಾನ ಕಂಡುಹಿಡಿದದ್ದು ಅದರ ಹಿಂದಿನ ವರ್ಷವಷ್ಟೇ. ಅಷ್ಟು ಸಣ್ಣ ಪಾಚಿಗಳನ್ನು ತಪ್ಪಿಲ್ಲದೆ ಬರೆಯೋದು ಕಷ್ಟ, ಅದಕ್ಕೇ ಈ ದಾರಿ ಹಿಡಿದೆ ಅಂತ ಅಟ್ಕಿನ್ಸ್ ತಮ್ಮ ಪಾಚಿ ಪುಸ್ತಕದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಫೋಟೋಗಳಿರುವ ಮೊದಲ ಪುಸ್ತಕ ಅಂತ ಸಾಮಾನ್ಯವಾಗಿ ಹೆಸರಿಸುವುದು ಅದನ್ನೇ. ಸರಿಯಾದ ಆಯ್ಕೆ ಅಂತ ನನಗೂ ಅನಿಸುತ್ತದೆ. ಪಾಚಿ ಚಪ್ಪಟೆ, ನೆರಳೇ ಸಾಕು. ಗೌರಿ ಹೂವಿನ ನೆರಳು ಹಿಡಿದರೆ ಏನೂ ತಿಳಿಯೋದಿಲ್ಲ.

ಆ ಸಯನೋಟೈಪ್‌ನ ನೀಲಿ ಯಾವುದು ಗೊತ್ತಾ? ಪ್ರಷ್ಯನ್ ಬ್ಲೂ. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಕೆಂಪು ಬಣ್ಣ ಮಾಡಲು ಹೋಗಿ ಆಕಸ್ಮಿಕವಾಗಿ ಸಿಕ್ಕಿದ ಬಣ್ಣ. ನಮ್ಮಂಥವರ ಪೆಟ್ಟಿಗೆಯಲ್ಲಿ ಅದು ಇಂದಿಗೂ ಇದೆ. ಅದಕ್ಕೆ ಗ್ಯಾಂಬೋಜ್ ಎಂಬ ಹಳದಿ ಬೆರೆಸಿದರೆ ಎಲೆಯ ಹಸಿರು ಬರುತ್ತದೆ. ಹಣ್ಣು ಹೂಗಳ ಚಿತ್ರ ಬರೆಯುತ್ತಿದ್ದ ವಿಲಿಯಂ ಹೂಕರ್ ಎಂಬಾತ ಹೀಗೆ ಬೆರೆಸುತ್ತಿದ್ದ, ಅಂಗಡಿಯಲ್ಲಿ ಸಿಗುವ 'ಹೂಕರ್ಸ್ ಗ್ರೀನ್' ಆತನ ಹೆಸರೇ. ಗ್ಯಾಂಬೋಜ್ ಒಂದು ಮರದ ಅಂಟು. ಮುರುಗಲು, ಉಪ್ಪಾಗೆಗಳ ಕುಲದ್ದೇ ಮರ, ಗಾರ್ಸಿನಿಯ. ನಮ್ಮ ಘಟ್ಟದ ಅರಿಸಿನ ಗುರಗಿಯಿಂದಲೂ ಅಂಥದೇ ಹಳದಿ ಅಂಟು ಬರುತ್ತದೆ. ಮೈಸೂರು ಚಿತ್ರಕಲೆಯಲ್ಲಿ ಚಿನ್ನದ ರೇಕಿನ ಕೆಳಗೆ ಉಬ್ಬು ಕೆಲಸ ಮಾಡುತ್ತಾರಲ್ಲ, ಆ ಕಲಸಿಗೂ ಗ್ಯಾಂಬೋಜ್ ಸೇರಿಸುತ್ತಿದ್ದರು. ಒಂದು ಎಲೆ ಬರೆಯಲು ಬರ್ಲಿನ್ನಿನ ರಸಾಯನ ಮತ್ತು ಕಾಡಿನ ಅಂಟು ಎರಡೂ ಬೇಕಾದವು.

ನಮ್ಮ ಊರುಗಳಿಗೂ ಈ ಕೆಲಸದ ಜೊತೆ ಹಳೇ ನಂಟಿದೆ. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ವೈದ್ಯ ಶಿವಮೊಗ್ಗದಲ್ಲಿದ್ದ. ದಿನಕ್ಕೊಂದು ಗಿಡ ನೋಡೋದು, ಅದರ ಚಿತ್ರ ಬರೆಸೋದು ಆತನ ಅಭ್ಯಾಸ. ಬರೆದವರು ಒಬ್ಬ ಮರಾಠ ಕಲಾವಿದರು. ಆ ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬರೆಸಿದವನ ಹೆಸರು ಉಳಿಯಿತು, ಬರೆದವರದು ಉಳಿಯಲಿಲ್ಲ. ಮದರಾಸಿನಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಬಳಿ ಕೆಲಸ ಮಾಡಿದ ರಂಗಯ್ಯ, ಗೋವಿಂದು ಇದಕ್ಕಿಂತ ಅದೃಷ್ಟವಂತರು. ಅಚ್ಚಾದ ಚಿತ್ರಗಳ ಕೆಳಗೆ ಅವರ ಹೆಸರಿದೆ. ಗೋವಿಂದು ಹೆಸರಿನಲ್ಲಿ ವೈಟ್ ಒಂದು ಆರ್ಕಿಡ್ ಕುಲವನ್ನೇ ಕರೆದ, ಗೋವಿಂದೂಯಿಯ ಅಂತ. ಈಗ ಅದನ್ನು ಟ್ರೊಪಿಡಿಯ ಎಂಬ ಇನ್ನೊಂದು ಕುಲದ ಜೊತೆ ಸೇರಿಸಿದ್ದಾರೆ. ಲಾಲ್‌ಬಾಗ್‌ಗೂ ಅಂಥ ಕಲಾವಿದರೊಬ್ಬರಿದ್ದರು, ಜಾನ್ ಕ್ಯಾಮೆರಾನ್ ಅದರ ಮುಖ್ಯಸ್ಥನಾಗಿದ್ದ ಕಾಲದ ಚೆಲುವಯ್ಯ ರಾಜು. ಬೆಂಗಳೂರಿನವರಿಗೇ ಅವರ ಹೆಸರು ಗೊತ್ತಿಲ್ಲ ಅನ್ನೋದು ನನ್ನ ಸಿಟ್ಟು.

ಹಾಗಂತ ಕೈಬರಹದ ಚಿತ್ರ ಸುಳ್ಳು ಹೇಳೋದಿಲ್ಲ ಅಂತಲ್ಲ. 1515ರಲ್ಲಿ ಭಾರತದಿಂದ ಲಿಸ್ಬನ್‌ಗೆ ಒಂದು ಘೇಂಡಾಮೃಗ ಹೋಯಿತು. ಜರ್ಮನಿಯಲ್ಲಿದ್ದ ಚಿತ್ರಗಾರ ಡ್ಯೂರರ್ ಅದನ್ನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಕಳಿಸಿದ ವಿವರ ನಂಬಿ ಬರೆದ. ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಂಬು ಬಂತು, ಚರ್ಮ ಕವಚದ ಹಾಗಾಯಿತು. ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಯುರೋಪಿನವರು ಅದನ್ನೇ ನೂರಾರು ವರ್ಷ ನಕಲು ಮಾಡಿದರು, ಕೊಂಬಿನ ಸಮೇತ.

ಅದಕ್ಕೇ ಸಸ್ಯಚಿತ್ರಗಳಲ್ಲಿ ಒಂದು ಪದ್ಧತಿ ಇದೆ. ಯಾವ ಗಿಡ ನೋಡಿ ಬರೆದದ್ದೋ ಅದನ್ನು ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಡುತ್ತಾರೆ. ಅದರ ನಂಬರ್ ಚಿತ್ರದ ಕೆಳಗೆ ಬರುತ್ತದೆ. ನನ್ನ ಮೇಲೆ ಅನುಮಾನ ಬಂದರೆ ಹೋಗಿ ಹಾಳೆ ತೆಗೆಸಿ, ನೀರಲ್ಲಿ ನೆನೆಸಿದ ಹೂವಿನ ಕೇಸರಗಳನ್ನು ಎಣಿಸಿ ನೋಡಬಹುದು.

ಈಗೀಗ ಪ್ರಶ್ನೆಯ ಎರಡನೇ ಭಾಗವೂ ಶುರುವಾಗಿದೆ: "ಸರಿ, ಕ್ಯಾಮೆರಾ ಬಿಡಿ, ಎಐ ಬರೆದುಕೊಡುತ್ತಲ್ಲ?" ಕೊಡುತ್ತೆ, ಚೆಂದಾಗೇ ಕೊಡುತ್ತೆ. ಸುಮ್ನೆ ಗೋಡೆಗೆ ಹಾಕಲು ನನ್ನ ಆಕ್ಷೇಪ ಏನೂ ಇಲ್ಲ. ಸಸ್ಯಶಾಸ್ತ್ರದ ಪುಸ್ತಕಕ್ಕೆ ಅಂದರೆ ಮಾತ್ರ ನಾನು ಕೇಳೋದು ಇಷ್ಟೇ: ಅದು ಯಾವ ಗಿಡವನ್ನು ನೋಡಿ ಬರೆದದ್ದು, ಹಾಳೆ ನಂಬರ್ ಎಷ್ಟು?