ಕೋಡಿಂಗ್ ಬರಲ್ಲ, ನೆಟ್‌ವರ್ಕಿಂಗ್ ಆದ್ರೂ ಕಲೀಲಾ?

ಮೊದಲು ಉತ್ತರ ಹೇಳಿಬಿಡ್ತೀನಿ, ಆಮೇಲೆ ಬೈತೀನಿ. ದಿನಾ ಒಂದೂವರೆ ಗಂಟೆ ಕೂತ್ರೆ ನೆಟ್‌ವರ್ಕಿಂಗಿನ ಬುಡ, ಅಂದ್ರೆ ರೂಟಿಂಗ್ ಸ್ವಿಚಿಂಗ್, ಗಟ್ಟಿಯಾಗೋಕೆ ಆರೇಳು ತಿಂಗಳು ಬೇಕು (ಒಂದೇ ನೆಟ್‌ವರ್ಕಿನ ಮೆಷಿನ್‌ಗಳನ್ನ ಜೋಡಿಸೋ ಡಬ್ಬ ಸ್ವಿಚ್, ಬೇರೆ ಬೇರೆ ನೆಟ್‌ವರ್ಕ್‌ಗಳ ಮಧ್ಯೆ ದಾರಿ ತೋರಿಸೋದು ರೂಟರ್). ಪರೀಕ್ಷೆ ಈ ಡಬ್ಬಗಳನ್ನ ಮಾಡೋ ಸಿಸ್ಕೋ ಕಂಪನಿಯದ್ದು, ಹೆಸರು ಸಿಸಿಎನ್‌ಎ, ನಂಬರ್ 200-301, ಸಮಯ 120 ನಿಮಿಷ, ಫೀಸು 300 ಡಾಲರ್, ಅದರ ಮೇಲೆ ಟ್ಯಾಕ್ಸು, ಪಾಸಾದ್ರೆ 3 ವರ್ಷ ಚಾಲ್ತಿ. ಪ್ರಾಕ್ಟೀಸ್ ಮಾಡೋಕೆ, ರೂಟರ್ ಸ್ವಿಚ್ಚುಗಳನ್ನ ಕಂಪ್ಯೂಟರ್ ಪರದೆ ಮೇಲೇ ಎಳೆದು ಆಡಿಸೋ ಸಾಫ್ಟ್‌ವೇರ್ ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಸಿಗುತ್ತೆ. ಕೆಲಸ ಸಿಗುತ್ತಾ? ನಾನು ಜ್ಯೋತಿಷಿ ಅಲ್ಲ. ಇಷ್ಟೇ ಬೇಕಾಗಿದ್ದೋರು ಇಲ್ಲಿಂದಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಈಗ ಬೈಗುಳ. ಹೋದ ವರ್ಷ ತಿಪಟೂರಲ್ಲಿ ನೆಂಟರ ಮನೆ ಗೃಹಪ್ರವೇಶ. ಎಲೆ ಮುಂದೆ ಕೂತಿದೀನಿ, ಒಬ್ಬಟ್ಟಿಗೆ ತುಪ್ಪ ಬೀಳ್ತಾ ಇದೆ, ಅಷ್ಟೊತ್ತಿಗೆ ದೊಡ್ಡಮ್ಮನ ಕಡೆ ಮಾವ ಒಬ್ಬರು ಮಗನ್ನ ರಟ್ಟೆ ಹಿಡ್ಕೊಂಡು ಬಂದು ಪಕ್ಕದ ಎಲೆಗೆ ಕೂರಿಸಿದ್ರು. ‘ಏನಮ್ಮ, ನೀನು ಅದೇ ನೆಟ್‌ವರ್ಕ್ ಲೈನಲ್ಲಿ ಇದೀಯಲ್ಲ, ಇವನಿಗೆ ಕೋಡಿಂಗ್ ತಲೆಗೆ ಹತ್ತಲ್ಲ, ನೆಟ್‌ವರ್ಕಿಂಗ್ ಆದ್ರೂ ಮಾಡ್ಲಾ ಅಂತ, ಮೂರು ತಿಂಗಳಲ್ಲಿ ಆಗುತ್ತಂತಲ್ಲ?’ ಹುಡುಗ ಕೋಸಂಬರಿ ನೋಡ್ತಾ ಕೂತಿದ್ದ, ಪಾಪ. ನಾನು ಒಬ್ಬಟ್ಟು ಬಾಯಲ್ಲಿಟ್ಕೊಂಡು ತಲೆ ಆಡಿಸಿದೆ, ಯಾಕಂದ್ರೆ ಬಾಯಿ ಖಾಲಿ ಇದ್ದಿದ್ರೆ ಏನು ಬರ್ತಿತ್ತೋ.

ಆ ‘ಆದ್ರೂ’ ಇದೆಯಲ್ಲ, ಅದು ನನಗೆ ಹದಿನಾಲ್ಕು ವರ್ಷದಿಂದ ಕೇಳಿಸ್ತಾ ಇದೆ. ಮಳೆ ಬರ್ತಿದೆ, ಆಟೋ ಇಲ್ಲ, ಬಸ್ ಆದ್ರೂ ಹತ್ತೋಣ ಅಂತೀವಲ್ಲ, ಅದೇ ಆದ್ರೂ. ಯಾರೂ ಬಂದು ‘ಅಕ್ಕ, ನೆಟ್‌ವರ್ಕಿಂಗ್ ಬರ್ಲಿಲ್ಲ, ಜಾವಾ ಆದ್ರೂ ಕಲೀಲಾ’ ಅಂತ ಇವತ್ತಿನವರೆಗೂ ಕೇಳಿಲ್ಲ. ಇನ್ನೊಂದು ವಿಷಯ, ಕೋಡಿಂಗ್‌ನಿಂದ ತಪ್ಪಿಸ್ಕೊಳ್ಳೋಕೆ ಈ ಕಡೆ ಬರೋರಿಗೆ ಸಿಹಿ ಸುದ್ದಿ ಏನಂದ್ರೆ, ಈಗಿನ ಸಿಸಿಎನ್‌ಎ ಸಿಲೆಬಸ್ಸಲ್ಲಿ ನೂರಕ್ಕೆ ಹತ್ತು ಪಾಲು ಆಟೋಮೇಷನ್ನೇ, ಕೆಲಸಕ್ಕೆ ಸೇರಿದ ಮೇಲಂತೂ ಇನ್ನೂರು ಸ್ವಿಚ್‌ಗೆ ಒಂದೇ ಬದಲಾವಣೆ ಹಾಕ್ಬೇಕು ಅಂದ್ರೆ ಪೈಥಾನ್ ಕೋಡಿಂಗ್ ಬಂದೇ ಬರುತ್ತೆ ಬಾಗಿಲಿಗೆ. ‘ರೂಟಿಂಗ್ ಅಂಡ್ ಸ್ವಿಚಿಂಗ್’ ಅನ್ನೋ ಹೆಸರನ್ನೇ 2020ರ ಫೆಬ್ರವರಿಯಲ್ಲಿ ಪರೀಕ್ಷೆಯಿಂದ ತೆಗೆದುಹಾಕಿದ್ರು, ಈಗ ಬರೀ ಸಿಸಿಎನ್‌ಎ. ಕೋಚಿಂಗ್ ಸೆಂಟರ್ ಬೋರ್ಡುಗಳು ಮಾತ್ರ ಅದನ್ನ ಇನ್ನೂ ಬಿಟ್ಟಿಲ್ಲ.

ನಾನು ಕಲ್ತಿದ್ದು 2011ರಲ್ಲಿ, ಆಗ ಪರೀಕ್ಷೆ ನಂಬರ್ 640-802. ಬೆಂಗಳೂರಲ್ಲಿ ಒಂದು ಬಟ್ಟೆ ಅಂಗಡಿ ಮೇಲಿನ ಮಹಡಿ, ಒಂದು ರ‍್ಯಾಕು, ಅದರಲ್ಲಿ 2600 ಸೀರೀಸ್ ರೂಟರ್ ಮೂರು, 2950 ಸ್ವಿಚ್ ಎರಡು, ಫ್ಯಾನ್ ಸದ್ದಿಗೆ ಮೇಷ್ಟ್ರ ಮಾತು ಕೇಳ್ತಿರಲಿಲ್ಲ. ಕಂಪ್ಯೂಟರನ್ನ ನೇರ ರೂಟರ್‌ಗೆ ಸಿಕ್ಕಿಸಿ ಆದೇಶ ಹೊಡೆಯೋಕೆ ಬೇಕಾದ ತಿಳಿನೀಲಿ ಬಣ್ಣದ ಚಪ್ಪಟೆ ಕನ್ಸೋಲ್ ಕೇಬಲ್ ಹನ್ನೆರಡು ಜನಕ್ಕೆ ಒಂದೇ ಒಂದು. ಅದು ಯಾರ ಕೈಲಿ ಇರುತ್ತೋ ಅವರೇ ಆ ಹೊತ್ತಿನ ರಾಜ. ಬಾಡ್ ರೇಟ್, ಅಂದ್ರೆ ಆ ಕೇಬಲಲ್ಲಿ ಅಕ್ಷರ ಹೋಗೋ ವೇಗ, 9600 ಅಂತ ಕೊಟ್ಟಿಲ್ಲ ಅಂದ್ರೆ ಪರದೆ ತುಂಬಾ ಹುಳು ಹುಳು ಥರ ಅಕ್ಷರ ಬರೋದು, ನಾವು ರೂಟರ್ ಸುಟ್ಟುಹಾಕಿಬಿಟ್ವಿ ಅಂತ ಹೆದರ್ಕೊಂಡು ಕೈಕಟ್ಕೊಂಡು ನಿಲ್ತಿದ್ವಿ. ಅದೇ ಬ್ಯಾಚಲ್ಲಿ ಕೆಲವರು ಕೇಬಲ್ ಮುಟ್ಟೋಕೂ ಹೋಗ್ದೆ ಪರೀಕ್ಷೆ ಡಂಪ್, ಅಂದ್ರೆ ಕದ್ದು ಹೊರಬಂದ ಪ್ರಶ್ನೆ-ಉತ್ತರ, ಉರುಹೊಡ್ದು ನನಗಿಂತ ಮೊದಲೇ ಪಾಸಾದ್ರು. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ.

ಈಗ ನಾನೇ ಇಂಟರ್‌ವ್ಯೂ ತಗೊಳ್ತೀನಿ. ಓಎಸ್‌ಪಿಎಫ್ (ರೂಟರ್‌ಗಳು ಒಬ್ಬರಿಗೊಬ್ಬರು ದಾರಿ ಹೇಳ್ಕೊಳ್ಳೋ ಒಂದು ಪದ್ಧತಿ, ರಿಪ್ ಇನ್ನೊಂದು) ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್, ಅಂದ್ರೆ ಅದರ ಮಾತನ್ನ ಎಷ್ಟು ನಂಬಬೇಕು ಅನ್ನೋ ಅಂಕ, ಎಷ್ಟು ಅಂದ್ರೆ 110 ಅಂತ ಟಪ್ ಅಂತ ಬರುತ್ತೆ, ರಿಪ್ ಅಂದ್ರೆ 120. ಸರಿ, ಸ್ವಿಚ್‌ಗೆ ಯಾವ ಮೆಷಿನ್ ಯಾವ ಪೋರ್ಟಲ್ಲಿದೆ ಅಂತ ಯಾರು ಹೇಳಿದ್ರು ಅಂತ ಕೇಳಿದ್ರೆ ಮೌನ. ಯಾರೂ ಹೇಳಲ್ಲ ರೀ! ಬೀದಿ ಕೊನೆ ಅಂಗಡಿಯವನ ಥರ ಅದು. ಯಾರು ಯಾವ ಕಡೆಯಿಂದ ಬಂದ್ರು ಅಂತ ನೋಡ್ಕೊಂಡು ನೆನಪಿಟ್ಕೊಳ್ಳುತ್ತೆ, ಗೊತ್ತಿಲ್ಲದವರಿಗೆ ಏನಾದ್ರೂ ಬಂದ್ರೆ ಇಡೀ ಬೀದಿಗೆ ಕೂಗುತ್ತೆ, ಐದು ನಿಮಿಷ ಮುಖ ಕಾಣಿಸ್ಲಿಲ್ಲ ಅಂದ್ರೆ ಮರ್ತೇಬಿಡುತ್ತೆ. ಆ ಐದು ನಿಮಿಷ ಲೆಕ್ಕದ್ದೇ, ಸಿಸ್ಕೋ ಸ್ವಿಚ್ಚಲ್ಲಿ ಮೊದಲಿಂದ ಇಟ್ಟಿರೋದು 300 ಸೆಕೆಂಡ್.

ಈ ಕೂಗೋ ಚಟದಿಂದಲೇ ಅನಾಹುತ ಆಗೋದು. ಎರಡು ಸ್ವಿಚ್ ಮಧ್ಯೆ ಎರಡು ಕೇಬಲ್ ಹಾಕಿದ್ರೆ ಒಬ್ಬರ ಕೂಗು ಇನ್ನೊಬ್ಬರಿಗೆ, ಅವರ ಕೂಗು ಮತ್ತೆ ಇವರಿಗೆ, ನಿಲ್ಲೋದೇ ಇಲ್ಲ. ರೂಟರ್ ಸಾಗಿಸೋ ಡೇಟಾ ತುಂಡು, ಅಂದ್ರೆ ಐಪಿ ಪ್ಯಾಕೆಟ್‌ಗಾದ್ರೆ ಟಿಟಿಎಲ್ ಅಂತ ಆಯಸ್ಸಿರುತ್ತೆ, ಒಂದೊಂದು ರೂಟರ್ ದಾಟಿದಾಗಲೂ ಒಂದು ಕಮ್ಮಿ ಆಗಿ ಕೊನೆಗೆ ಸಾಯುತ್ತೆ, ಸ್ವಿಚ್ ಸಾಗಿಸೋ ಈಥರ್ನೆಟ್ ಫ್ರೇಮ್‌ಗೆ ಆ ಭಾಗ್ಯ ಇಲ್ಲ, ದೆವ್ವದ ಥರ ಸುತ್ತುತ್ತಾನೇ ಇರುತ್ತೆ. ಇದಕ್ಕೆ ಮದ್ದು ಕಂಡುಹಿಡಿದಿದ್ದು ರೇಡಿಯಾ ಪರ್ಲ್‌ಮನ್ ಅನ್ನೋ ಹೆಂಗಸು, 1985ರಲ್ಲಿ, ಹೆಸರು ಸ್ಪ್ಯಾನಿಂಗ್ ಟ್ರೀ, ಸುತ್ತು ಬೀಳೋ ದಾರಿಯನ್ನ ಸ್ವಿಚ್‌ಗಳೇ ಮುಚ್ಚಿಡೋ ಉಪಾಯ. (‘ಹುಡುಗೀರಿಗೆ ಈ ರ‍್ಯಾಕು ಕೇಬಲ್ ಕೆಲಸ ಆಗುತ್ತಾ’ ಅಂತ ಕೇಳೋರಿಗೆ ಬೇರೆ ಉತ್ತರ ಬರೆಯೋಕೆ ನನಗೆ ಟೈಮಿಲ್ಲ, ಈ ಒಂದು ವಾಕ್ಯದಲ್ಲಿ ಮುಗಿಸ್ಕೊಳ್ಳಿ.) ಅದರಲ್ಲೂ ಒಂದು ತಮಾಷೆ ಇದೆ. ಎಲ್ಲಾ ಸ್ವಿಚ್ಚಿಗೂ ಯಜಮಾನ ಒಬ್ಬ ಬೇಕು, ರೂಟ್ ಬ್ರಿಡ್ಜ್ ಅಂತ. ನೀವು ಏನೂ ಹೇಳದೆ ಬಿಟ್ರೆ ಎಲ್ಲರ ಪ್ರಯಾರಿಟಿನೂ 32768, ಸರಿಸಮ ಆದಾಗ ಯಾರ ಮ್ಯಾಕ್ ಅಡ್ರೆಸ್ (ಫ್ಯಾಕ್ಟರಿಲೇ ಕೊಟ್ಟಿರೋ ಗುರುತಿನ ನಂಬರು) ಚಿಕ್ಕದೋ ಅವರು ಗೆಲ್ತಾರೆ, ಒಂದೇ ಕಂಪನಿ ಸ್ವಿಚ್ಚುಗಳಾದ್ರೆ ಚಿಕ್ಕ ಅಡ್ರೆಸ್ ಇರೋದು ಸಾಮಾನ್ಯವಾಗಿ ಹಳೇ ಡಬ್ಬಕ್ಕೆ. ಲಕ್ಷಗಟ್ಟಲೆ ಕೊಟ್ಟು ತಂದ ಹೊಸ ಸ್ವಿಚ್ ಪಕ್ಕದಲ್ಲಿ ನಿಂತಿರುತ್ತೆ, ಸ್ಟೋರ್ ರೂಮಲ್ಲಿ ಧೂಳು ಹಿಡ್ದ ಮುದಿ ಸ್ವಿಚ್ ಇಡೀ ಆಫೀಸಿನ ಟ್ರಾಫಿಕ್‌ಗೆ ದಾರಿ ತೀರ್ಮಾನ ಮಾಡ್ತಿರುತ್ತೆ. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಇದನ್ನ ಬಿಡಿಸಿ ಹೇಳೋ ಅಗತ್ಯವೇ ಇಲ್ಲ.

ಮೂರು ತಿಂಗಳ ಮಾತಿಗೆ ಬರೋಣ. ಕೆಲಸಕ್ಕೆ ಸೇರಿ ಮೂರು ವರ್ಷ ಆದ್ಮೇಲೆ, ಸರ್ಟಿಫಿಕೇಟು ಎಲ್ಲಾ ಇಟ್ಕೊಂಡು, ನಾನು ಏನು ಮಾಡಿದೆ ಅಂತ ಹೇಳ್ತೀನಿ. ಪೀಣ್ಯದಲ್ಲಿ ಒಂದು ಫ್ಯಾಕ್ಟರಿ, ಹೆಸರು ಬೇಡ. ಅಲ್ಲಿ ಹೊಸ ಹಾಜರಾತಿ ಮೆಷಿನ್‌ಗೆ ಅಂತ ವಿಲ್ಯಾನ್ 240, ಅಂದ್ರೆ ಅದೇ ಸ್ವಿಚ್ಚುಗಳೊಳಗೆ ಬೇರೆ ಮಾಡಿಟ್ಟ ಒಂದು ನೆಟ್‌ವರ್ಕ್, ಸೇರಿಸ್ಬೇಕಿತ್ತು. (ನಮ್ಮಮ್ಮ ಇವತ್ತಿಗೂ ಇದನ್ನ ವಿಲನ್ ಅಂತಲೇ ಕೇಳಿಸ್ಕೊಳ್ಳೋದು, ಅವತ್ತು ಮಾತ್ರ ಸರಿಯಾಗೇ ಕೇಳಿಸ್ಕೊಂಡಿದ್ಲು.) ರಾತ್ರಿ ಒಂದೂವರೆ, ಮನೇಲೇ ಕೂತು ಲಾಗಿನ್ ಆಗಿ ಟ್ರಂಕ್ ಪೋರ್ಟ್ (ಹಲವು ವಿಲ್ಯಾನ್ ಒಂದೇ ಕೇಬಲಲ್ಲಿ ಹೋಗೋ ಜಾಗ) ಮೇಲೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 240’ ಅಂತ ಹೊಡ್ದು ಎಂಟರ್ ಒತ್ತಿದೆ. ಬಲ್ಲೋರಿಗೆ ಈಗಲೇ ಎದೆ ಝಲ್ ಅಂದಿರುತ್ತೆ. ‘ವಿಲ್ಯಾನ್ ಆಡ್ 240’ ಅಂತ ಹೊಡೀಬೇಕಿತ್ತು. ‘ಆಡ್’ ಇದ್ರೆ, ಇರೋದರ ಜೊತೆ ಇದನ್ನೂ ಸೇರಿಸು ಅಂತ. ‘ಆಡ್’ ಇಲ್ದಿದ್ರೆ, 240 ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಆಚೆ ಹಾಕು ಅಂತ. ಆಚೆ ಹೋಗಿದ್ದರಲ್ಲಿ ನಾನು ಲಾಗಿನ್ ಆಗಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನೂ ಒಂದು. ಕರ್ಸರ್ ನಿಂತುಹೋಯ್ತು. ಎಂಟರ್ ಒತ್ತಿದೆ, ಇಲ್ಲ. ಇನ್ನೊಂದ್ಸಲ ಒತ್ತಿದೆ. ನಾನು ಕೂತಿದ್ದ ಕೊಂಬೇನೇ ನಾನು ಕಡಿದಿದ್ದೆ.

ಕಾನ್ಫಿಗರೇಷನ್ ಸೇವ್ ಮಾಡಿರಲಿಲ್ಲ, ಹಾಗಾಗಿ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಹಳೇದು ವಾಪಸ್ ಬರುತ್ತೆ. ಸೆಕ್ಯೂರಿಟಿಗೆ ಫೋನ್ ಹಾಕಿದೆ. ‘ಅಣ್ಣ, ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆ ಇದೆಯಲ್ಲ, ಅದರಲ್ಲಿ ಹಸಿರು ದೀಪ ಮಿಣುಕ್ತಿರೋ ಡಬ್ಬದ ವೈರ್ ಒಂದ್ಸಲ ಕಿತ್ತು ಹಾಕಿ.’ ಅವರು ಒಳ್ಳೆಯವರು, ತಕ್ಷಣ ಹೋದ್ರು, ಕಿತ್ರು, ಹಾಕಿದ್ರು. ‘ಆಯ್ತಮ್ಮ.’ ಇಲ್ಲಿ ಏನೂ ಆಗ್ಲಿಲ್ಲ. ಐದು ನಿಮಿಷ ಆದ್ಮೇಲೆ ಅವರೇ ಫೋನ್ ಮಾಡಿ, ಕ್ಯಾಮೆರಾ ಟಿವಿಲಿ ಏನೂ ಕಾಣಿಸ್ತಿಲ್ಲ ಅಂದ್ರು, ಅವರು ಕಿತ್ತು ಹಾಕಿದ್ದು ಸಿಸಿ ಕ್ಯಾಮೆರಾದ ಡಬ್ಬ. ತಪ್ಪು ಅವರದ್ದಲ್ಲ, ಆ ಪೆಟ್ಟಿಗೆಲಿ ಹಸಿರು ದೀಪ ಮಿಣುಕದೇ ಇರೋ ಡಬ್ಬ ಯಾವುದಿತ್ತು? ಅಪ್ಪನ್ನ ಎಬ್ಬಿಸ್ಕೊಂಡು ಸ್ಕೂಟರಲ್ಲಿ ವಿಜಯನಗರದಿಂದ ಪೀಣ್ಯಕ್ಕೆ ಹೋದೆ, ಬ್ಯಾಗಲ್ಲಿ ಅದೇ ತಿಳಿನೀಲಿ ಕೇಬಲ್. ಅಪ್ಪ ಗೇಟ್ ಹತ್ರ ಸೆಕ್ಯೂರಿಟಿ ಜೊತೆ ಬೀಡಿ ಹಚ್ಕೊಂಡು ನಿಂತ್ರು, ನಾನು ಮೆಟ್ಟಿಲ ಕೆಳಗೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಒಂದು ಸಾಲು ಹೊಡ್ದೆ. ಮುಗೀತು. ಅವತ್ತಿಂದ ದೂರದಿಂದ ಯಾವ ಡಬ್ಬ ಮುಟ್ಟಿದ್ರೂ ಮೊದಲು ‘ರೀಲೋಡ್ ಇನ್ 10’ ಹೊಡೀತೀನಿ. ಕೈ ತಪ್ಪಿದ್ರೆ ಹತ್ತು ನಿಮಿಷಕ್ಕೆ ಅದೇ ರೀಸ್ಟಾರ್ಟ್ ಆಗಿ ಹಳೇದಕ್ಕೆ ಬರುತ್ತೆ, ಕೈ ತಪ್ಪದಿದ್ರೆ ‘ರೀಲೋಡ್ ಕ್ಯಾನ್ಸಲ್’.

ಇದನ್ನೆಲ್ಲ ಯಾರೂ ಕೇಳಲ್ಲ. ಎಷ್ಟು ತಿಂಗಳು, ಎಷ್ಟು ಫೀಸು, ಎಷ್ಟು ಪ್ಯಾಕೇಜು. ನನ್ನನ್ನ ಒಬ್ಬರಾದ್ರೂ ಕೇಳ್ಬೇಕು ಅಂತ ಆಸೆ ಇರೋ ಪ್ರಶ್ನೆ ಬೇರೆ: ಪ್ಯಾಕೆಟ್ ಹೋಯ್ತು ಸರಿ, ಉತ್ತರ ಹೆಂಗೆ ವಾಪಸ್ ಬರುತ್ತೆ?

ಯಾಕಂದ್ರೆ ಕಲಿಯೋರೆಲ್ಲಾ ಎಡವೋದು ಅಲ್ಲೇ. ನಿಮ್ಮ ರೂಟರಲ್ಲಿ ಆ ಕಡೆ ನೆಟ್‌ವರ್ಕಿಗೆ ದಾರಿ ಬರೀತೀರ, ಪಿಂಗ್ ಮಾಡ್ತೀರ (ಇದೀಯಾ ಅಂತ ಕೇಳಿ ಉತ್ತರ ಕಾಯೋದು), ರಿಕ್ವೆಸ್ಟ್ ಟೈಮ್ಡ್ ಔಟ್, ಅಂದ್ರೆ ಉತ್ತರ ಬರಲೇ ಇಲ್ಲ. ಮತ್ತೆ ನಿಮ್ಮ ರೂಟರನ್ನೇ ಕೆದಕ್ತೀರ, ಅಳಿಸ್ತೀರ, ಬರೀತೀರ, ಮೂರು ಗಂಟೆ ಹೋಯ್ತು. ಅಲ್ಲಿ ಏನಾಗಿರುತ್ತೆ ಅಂದ್ರೆ, ನಿಮ್ಮ ಪ್ಯಾಕೆಟ್ ಚೆನ್ನಾಗೇ ತಲುಪಿರುತ್ತೆ, ಆ ಕಡೆ ಮೆಷಿನ್ ಉತ್ತರಾನೂ ಕೊಟ್ಟಿರುತ್ತೆ, ಆ ಉತ್ತರ ಅವರ ರೂಟರ್ ಹತ್ರ ಬಂದು ನಿಮ್ಮ ಊರು ಯಾವುದು ಅಂತ ಗೊತ್ತಿಲ್ದೆ ಸತ್ತಿರುತ್ತೆ. ಹೋಗೋ ದಾರಿ ಗೊತ್ತಿದ್ರೆ ಬರೋ ದಾರಿನೂ ಗೊತ್ತು ಅನ್ನೋದು ನಮ್ಮ ಅಭ್ಯಾಸ, ಬಂದ ದಾರೀಲೇ ವಾಪಸ್ ನಡ್ಕೊಂಡು ಹೋಗೋರು ನಾವು. ರೂಟರ್‌ಗೆ ಪ್ಯಾಕೆಟ್ ಬಂದಿದ್ದು ಎಲ್ಲಿಂದ ಅನ್ನೋ ನೆನಪಿರಲ್ಲ, ಎಲ್ಲಿಗೆ ಹೋಗ್ಬೇಕು ಅಂತಷ್ಟೇ ನೋಡುತ್ತೆ. ಪ್ರತಿ ರೂಟರೂ ತನ್ನ ಟೇಬಲ್ ತೆಗ್ದು, ಹೊಸದಾಗಿ ನೋಡಿ, ಮುಂದಿನವರ ಕೈಗೆ ಹಾಕುತ್ತೆ.

ಆ ಟೇಬಲಲ್ಲಿ ಎರಡು ಸಾಲು ಹೊಂದಿದ್ರೆ ಹೆಚ್ಚು ನಿಖರವಾಗಿರೋದೇ ಗೆಲ್ಲೋದು. ತಿಪಟೂರು ಅಂತ ಬರ್ದಿರೋ ಸಾಲಿಗಿಂತ ತಿಪಟೂರು, ರೈಲ್ವೆ ಸ್ಟೇಷನ್ ರೋಡು ಅಂತ ಬರ್ದಿರೋ ಸಾಲಿಗೆ ಬೆಲೆ ಜಾಸ್ತಿ, ಅಷ್ಟೇ. ಬರ್ದಿದ್ದು ನಿಜವೋ ಸುಳ್ಳೋ ಅಂತ ವಿಚಾರಿಸೋ ಅಭ್ಯಾಸ ರೂಟರ್‌ಗೆ ತಾನಾಗೇ ಇಲ್ಲ. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ಬಂದ್ ಮಾಡೋಕೆ ಅಂತ ಒಂದು ಸ್ಲ್ಯಾಶ್ 24 ಸಾಲು ಹಾಕ್ತು, ಅದು ಬಿಜಿಪಿ (ಒಂದು ಕಂಪನಿ ನೆಟ್‌ವರ್ಕ್ ಇನ್ನೊಂದಕ್ಕೆ ದಾರಿ ಹೇಳೋ ಪದ್ಧತಿ) ಮೂಲಕ ಗಡಿ ದಾಟಿ ಹೊರಗೆ ಸೋರಿಹೋಯ್ತು. ಯೂಟ್ಯೂಬ್‌ನವರದ್ದು ಸ್ಲ್ಯಾಶ್ 22, ಈ ನಂಬರ್ ದೊಡ್ಡದಾದಷ್ಟೂ ವಿಳಾಸ ನಿಖರ. 22ಕ್ಕಿಂತ 24 ನಿಖರ, ಪ್ರಪಂಚದ ಬಹಳಷ್ಟು ರೂಟರ್‌ಗಳು ನಂಬಿದ್ವು, ಸುಮಾರು ಎರಡು ಗಂಟೆ ಯೂಟ್ಯೂಬ್ ಹುಡ್ಕೊಂಡು ಹೋದ ಎಷ್ಟೋ ಜನ ಪಾಕಿಸ್ತಾನದ ಕಡೆ ಹೊರಟ್ರು. ಇದನ್ನ ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಇದು ‘ಆದ್ರೂ’ ಅಂತ ಮಾಡೋ ಕೆಲಸಾನಾ ನೀವೇ ಹೇಳಿ. ಹೋಗ್ಲಿ ಬಿಡಿ, ನಾನು ಸ್ವಲ್ಪ ಜಾಸ್ತಿ ಮಾತಾಡ್ತಿದೀನಿ.

ಆ ಹುಡುಗನ ಕಥೆ ಬಾಕಿ ಇದೆ. ಕೈ ತೊಳೆಯೋ ಹತ್ರ ಸಿಕ್ಕಿದ, ಅಪ್ಪ ಪಕ್ಕದಲ್ಲಿರಲಿಲ್ಲ. ವಿಡಿಯೋ ನೋಡ್ಬೇಡ, ಪ್ಯಾಕೆಟ್ ಟ್ರೇಸರ್ ಹಾಕ್ಕೊಂಡು ಎರಡು ರೂಟರ್, ಎರಡು ಕಂಪ್ಯೂಟರ್ ಎಳಿ, ಆ ಕಡೆಯಿಂದ ಈ ಕಡೆ ಪಿಂಗ್ ಬರ್ಸು, ಬಂದ್ರೆ ಹೇಳು ಅಂದೆ. ಮರ್ತುಹೋಗಿರ್ತಾನೆ ಅಂದ್ಕೊಂಡಿದ್ದೆ. ಒಂದು ತಿಂಗಳಾದ್ಮೇಲೆ ರಾತ್ರಿ ಹನ್ನೊಂದಕ್ಕೆ ಮೆಸೇಜು, ಜೊತೆಗೆ ಫೋಟೋ. ಸಿಮ್ಯುಲೇಷನ್ ಮೋಡಲ್ಲಿ ಪ್ಯಾಕೆಟ್ಟು ಪುಟ್ಟ ಲಕೋಟೆ ಥರ ಓಡಾಡೋದು ಕಾಣುತ್ತಲ್ಲ, ಆ ಲಕೋಟೆ ಎರಡನೇ ರೂಟರ್ ಮೇಲೆ ಕೂತಿತ್ತು, ಅದರ ಮೇಲೆ ಕೆಂಪು ಗುರುತು. ‘ಅಕ್ಕ, ಹೋಗುವಾಗ ಸರಿಯಾಗೇ ಹೋಗುತ್ತೆ, ಬರುವಾಗ ಇಲ್ಲಿ ಸಾಯ್ತಿದೆ, ಯಾಕೆ?’

ನಾನು ಹಾಸಿಗೆಯಿಂದ ಎದ್ದು ಕೂತೆ. ‘ಆ ರೂಟರ್‌ಗೆ ನಿನ್ನ ಮನೆ ದಾರಿ ಯಾರು ಹೇಳಿದ್ರು?’ ಅಂತ ಕಳಿಸ್ದೆ. ಆ ಕಡೆಯಿಂದ ಮಾತೇ ಇಲ್ಲ. ಹನ್ನೆರಡೂ ಮುಕ್ಕಾಲಿಗೆ ‘ಬಂತು’ ಅಂತ ಒಂದೇ ಪದ.

ಬೆಳಿಗ್ಗೆ ಏಳಕ್ಕೇ ಮಾವನ ಫೋನು. ‘ಅಲ್ಲಮ್ಮ, ಕೆಲಸ ಸಿಗೋದು ಏನಾದ್ರೂ ಹೇಳ್ಕೊಡು ಅಂದ್ರೆ ಅದೇನೋ ಗೇಮ್ ಹಾಕ್ಕೊಟ್ಟಿದೀಯಂತೆ, ಹುಡುಗ ರಾತ್ರಿಯೆಲ್ಲಾ ಲಕೋಟೆ ಓಡಿಸ್ತಾ ಕೂತಿದ್ದ.’